ವೆಪನ್ ಪೂಜೆಯ ಫೋನು

ಕೊರೊನಾ ಕಳೆದ ಮರುವರ್ಷ ನಾನು ಬೆಂಗಳೂರಿನಲ್ಲಿ ಎಕ್ಸ್‌ಪೋರ್ಟ್ ಕಂಟ್ರೋಲ್ ಅಧಿಕಾರಿಯಾಗಿದ್ದೆ. ದೇಶದಿಂದ ಹೊರಹೋಗುವ ಮಾಲು ಕೊನೆಗೆ ಯಾರ ಕೈ ಸೇರುತ್ತದೆ ಎಂದು ವಿಚಾರಿಸುವುದು ನನ್ನ ಕೆಲಸ. 'ಡ್ಯುಯಲ್ ಯೂಸ್' ಎಂಬುದು ನಮ್ಮಲ್ಲಿ ದಿನಬಳಕೆಯ ಮಾತು. ಹಾಲಿನಿಂದ ಕೆನೆ ತೆಗೆಯುವ ಯಂತ್ರಕ್ಕೆಂದು ಮಾಡಿಸಿದ ಬಿಡಿಭಾಗ ಬಾಂಬಿನ ಯುರೇನಿಯಂ ಬೇರ್ಪಡಿಸುವ ಸೆಂಟ್ರಿಫ್ಯೂಜಿಗೂ ಒಗ್ಗಬಹುದು. ಅಮೃತೂರಿನಲ್ಲಿ ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವಳು ನಾನು. ಹಾಲಿನ ಮೇಲೂ ಅನುಮಾನಪಡುವ ಗತಿ ಬಂತಲ್ಲ ಎಂದು ಬೈದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ದೆಹಲಿಯ ಮೇಲಧಿಕಾರಿ ಫೋನ್ ಮಾಡಿದರು. ತುಮಕೂರಿನ ಅಂಚಿನ ಒಂದು ಲೇತ್ ವರ್ಕ್‌ಶಾಪ್ ಕೊಲ್ಲಿದೇಶದ ವ್ಯಾಪಾರಿಗೆ ಡೈರಿ ಬಿಡಿಭಾಗ ಮಾಡುತ್ತಿದೆ. ಆ ವ್ಯಾಪಾರಿಯ ಬೆನ್ನಿಗೆ ಅಣುಬಾಂಬಿಗೆ ಹಾತೊರೆಯುವ ಶತ್ರುದೇಶವಿದೆ ಎಂಬ ಶಂಕೆ. ಮಾಲೀಕ ಅವನಿಗೆ ಫೋನಿನಲ್ಲಿ "ವೆಪನ್ ಪೂಜಾ ಓವರ್, ಯುವರ್ ಪೀಸ್ ಆಲ್ಸೋ ಕೆಪ್ಟ್" ಎಂದದ್ದು ನಮ್ಮವರ ಕಿವಿಗೆ ಬಿದ್ದಿತ್ತು. ಆಚೆಯವನ ಉತ್ತರ ಸಿಕ್ಕಿರಲಿಲ್ಲ.

"ಇನ್ನೇನು ಬೇಕು? ಪೊಲೀಸರ ಜೊತೆ ನುಗ್ಗಿ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಆಯುಧಪೂಜೆ ಮುಗಿದು ವಾರವಾಗಿತ್ತು, ಅಷ್ಟೆ. ಲೇತು, ಸ್ಪ್ಯಾನರು, ಸ್ಕೂಟರು ಎಲ್ಲವೂ ನಮಗೆ ಆಯುಧವೇ, ಅವನ ಬಿಡಿಭಾಗವನ್ನೂ ಪೂಜೆಗಿಟ್ಟಿರಬೇಕು ಎಂದು ವಿವರಿಸಿದೆ.

"ಅದೂ ನಾಟಕವಾಗಿದ್ದರೆ?" ಎಂದರು. ಹಾಳಾದ್ದು, ಆ ಪ್ರಶ್ನೆ ನನ್ನ ತಲೆಯಲ್ಲೂ ಕೂತುಬಿಟ್ಟಿತು.

ನುಗ್ಗಿದರೆ ವ್ಯಾಪಾರಿ ಮಾಯವಾಗಿ ಇನ್ನೊಂದೂರಿನ ಲೇತ್ ಹುಡುಕುತ್ತಾನೆ. ಮಾತಾಡುತ್ತ ಕೂತರೆ ಮಾಲು ಹಡಗು ಹತ್ತುತ್ತದೆ. ಮಾಲೀಕ ನಿರಪರಾಧಿಯಾಗಿದ್ದರೆ, ದೇಶದ್ರೋಹಿ ಎಂದು ಒಮ್ಮೆ ಅಂಟಿದ ಹೆಸರು ತುಮಕೂರಿನಲ್ಲಿ ಯಾವ ಸೋಪಿಗೂ ಹೋಗುವುದಿಲ್ಲ. ಪೊಲೀಸ್ ಜೀಪನ್ನು ಗೇಟಿನಾಚೆ ನಿಲ್ಲಿಸಿ ಒಬ್ಬಳೇ ಒಳಗೆ ಹೋದೆ.

ಮಾಲೀಕ ಗುಬ್ಬಿಯ ರುದ್ರೇಶಪ್ಪ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಇಷ್ಟು ಮಾತಾಡುವವನು ಏನನ್ನೋ ಮುಚ್ಚುತ್ತಿದ್ದಾನೆ ಎಂದೇ ನನಗನ್ನಿಸಿತು.

"ಕೊಲ್ಲಿಯ ವ್ಯಾಪಾರಿಗೆ ಪೂಜೆ ವಿಷಯ ಹೇಳಿದಾಗ ಅವನು ಏನಂದ?" ಎಂದೆ.

"ಅಯ್ಯೋ, ಉರ್ಕೊಂಡ್ ಬಿದ್ದ ಮೇಡಮ್ನೋರೆ. ವೆಪನ್ ಅನ್ನೋ ಪದ ಫೋನಲ್ಲಿ ಎತ್ಲೇಬೇಡ ಅಂದ. ನಮ್ ದೇವ್ರು ಕಂಡ್ರೆ ಆಗಲ್ವೇನೋ ಅಂತ ನಾನೂ ಸುಮ್ನಾದೆ."

ಹಾಲಿನ ವ್ಯಾಪಾರಿಯಾಗಿದ್ದರೆ "ಯಾವ ವೆಪನ್ನು ಮಾರಾಯ?" ಎಂದು ಗಾಬರಿಯಾಗಬೇಕಿತ್ತು. ಇವನು ಅರ್ಥವನ್ನೇ ಕೇಳದೆ ಬಾಯಿ ಮುಚ್ಚಿಸಿದ್ದ. ಆದರೆ ರುದ್ರೇಶಪ್ಪನೇ ನನ್ನೆದುರು ಕಥೆ ಕಟ್ಟುತ್ತಿದ್ದರೆ?

"ಈಗ್ಲೇ ಫೋನ್ ಮಾಡಿ, ಸ್ಪೀಕರ್ ಹಾಕಿ. ನಾನೇ ಬಂದು ಫಿಟ್ ಮಾಡಿಕೊಡ್ತೀನಿ, ಡೈರಿ ಎಲ್ಲಿದೆ ಅಂತ ಕೇಳಿ."

ಅವರು ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. ಆಚೆಯವನು ಜಾಗ ಹೇಳದೆ, ಆರ್ಡರ್ ಕ್ಯಾನ್ಸಲ್ ಎಂದವನೇ ಫೋನ್ ಇಟ್ಟ. ಮಾಲನ್ನು ಅಲ್ಲೇ ಸೀಲ್ ಮಾಡಿಸಿದೆ. ಮುಂದೆ ನಮ್ಮ ರಾಯಭಾರಿಗಳು ಆ ಕೊಲ್ಲಿದೇಶದೊಂದಿಗೆ ಮಾತಾಡಿ ಅವನ ಆಫೀಸನ್ನೇ ಮುಚ್ಚಿಸಿದರು. ಶತ್ರುದೇಶ ಕೈಕಟ್ಟಿ ಕೂತಿತೆಂದು ನಾನು ಇವತ್ತಿಗೂ ನಂಬಿಲ್ಲ.

ಅವತ್ತು ಪೊಲೀಸ್ ಜೀಪು ಹೊರಟಾಗಲೇ ರುದ್ರೇಶಪ್ಪ ಅದನ್ನು ಕಂಡದ್ದು. ಗೇಟಿನ ತನಕ ನನ್ನ ಹಿಂದೆಯೇ ಬಂದರು. "ಇನ್ನಾದ್ರೂ ನನ್ ಮೇಲೆ ಅನುಮಾನ ಇಲ್ವಲ್ಲ?"

"ಇಲ್ಲ ಅಂದ್ರೆ ಸುಳ್ಳಾಗುತ್ತೆ."

"ಮತ್ತೆ ಪೊಲೀಸ್ನೋರ್ನ ಯಾಕೆ ಒಳಗ್ ಬಿಡ್ಲಿಲ್ಲ?"

ನೌಕರಿ ನನಗೆ ಕಲಿಸಿದ್ದೆಲ್ಲ ಅವತ್ತು ಕೊಟ್ಟ ಉತ್ತರದಲ್ಲೇ ಇದೆ. "ಖಾತ್ರಿ ಇದ್ದಿದ್ರೆ ಬಿಡ್ತಿದ್ದೆ ರುದ್ರೇಶಪ್ಪನೋರೆ. ಬರೀ ಅನುಮಾನ ಇತ್ತು, ಅದಕ್ಕೇ ಕೇಳ್ದೆ."