ನೀವು ಅವರಿಗೆ ಏನಾಗಬೇಕು?

ನಮ್ಮಮ್ಮ ನಮ್ಮಪ್ಪನ ಹೆಸರು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ರೇಷನ್ ಕಾರ್ಡಿಗೆ ಹೆಸರು ಬರೆಸಬೇಕಾದಾಗಲೂ ನನ್ನ ಕಡೆ ತಿರುಗಿ 'ನೀನೇ ಹೇಳು' ಅನ್ನುತ್ತಿದ್ದಳು. ಅಪ್ಪ ಎದುರಿಗಿದ್ದರೆ 'ರೀ', ಬೇರೆಯವರ ಹತ್ತಿರ ಮಾತಾಡುವಾಗ 'ಇವರು', ಅಪ್ಪ ತೀರಿಕೊಂಡ ಮೇಲೆ 'ಅವರು'. ಮೂವತ್ತೈದು ವರ್ಷದ ಸಂಸಾರಕ್ಕೆ ಅವಳಿಗೆ ಬೇಕಾಗಿದ್ದು ಈ ಮೂರೇ ಮಾತು.

ನಾನು ಮದುವೆಯಾದ ಹೊಸದರಲ್ಲಿ 'ನಮ್ಮ ಮನೆಯವರು' ಅನ್ನುತ್ತಿದ್ದೆ. ಆ ಮದುವೆ ಆರು ವರ್ಷಕ್ಕೆ ಮುರಿಯಿತು. ಕೋರ್ಟಿನ ಕಾಗದದಲ್ಲಿ ಅದೇ ಮನುಷ್ಯ 'ಪ್ರತಿವಾದಿ' ಆದರು. ಆಮೇಲೆ ಅವರನ್ನು ಏನಂತ ಕರೆಯಬೇಕೋ ತಿಳಿಯದೆ ನಾನೂ ಅಮ್ಮನೂ ಆ ಮಾತನ್ನೇ ಬಿಟ್ಟೆವು. ಶಿವಮೊಗ್ಗದ ಗೋಪಾಳದ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ, ಅಮ್ಮ ಪೂಜೆ, ಟಿವಿ, ಬೀದಿಯ ಸುದ್ದಿ ಅಂತ ಇದ್ದಳು.

ನಾನು ಈಗ ಹೇಳಹೊರಟಿರುವವರ ಗುರುತು ನನಗೆ ಮೊದಲು ಆಗಿದ್ದು ಭದ್ರಾವತಿಯಲ್ಲಿ. ಆಗ ನನಗೆ ಅಲ್ಲಿನ ಶಾಲೆಯಲ್ಲಿ ಕೆಲಸ. ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಹತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಹಿಂದಿನ ವರ್ಷವಷ್ಟೇ ತಾಯಿಯನ್ನು ಕಳೆದುಕೊಂಡಿದ್ದಳು. ಪೋಷಕರ ಸಭೆಗೆ ಅವಳ ಅಪ್ಪ ಬಂದಿದ್ದರು. ಲೇತ್ ವರ್ಕ್‌ಶಾಪಿನಿಂದ ನೇರ ಬಂದಿದ್ದರೆಂದು ಕಾಣುತ್ತದೆ, ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ಕೈಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡು ಮಗಳ ಅಂಕಗಳನ್ನು ಕೇಳಿ ಹೋದರು. ಅಷ್ಟೇ.

ಏಳೆಂಟು ವರ್ಷದ ಮೇಲೆ, ನಾನು ಶಿವಮೊಗ್ಗಕ್ಕೇ ವರ್ಗವಾಗಿ ಬಂದ ನಂತರ, ನಮ್ಮನೆಯ ನೀರಿನ ಮೋಟ್ರು ಕೆಟ್ಟಿತು. ಅದರ ಶಾಫ್ಟನ್ನು ಹೊಸದಾಗಿ ಲೇತಿನಲ್ಲೇ ಕಡೆಸಬೇಕು, ಭದ್ರಾವತಿಗೆ ಒಯ್ಯಿರಿ ಅಂದರು. ಒಯ್ದೆ. ಅಡಿಕೆ ಸುಲಿಯುವ ಯಂತ್ರಗಳ ಬಿಡಿಭಾಗಗಳ ನಡುವೆ ಕೂತಿದ್ದವರು ಕನ್ನಡಕ ಮೇಲಕ್ಕೆತ್ತಿ ನೋಡಿ, ಮಗಳ ಟೀಚರ್ ಅಲ್ಲವಾ ಅಂತ ಕೇಳಿದರು. ಶಾಫ್ಟು ಮಾಡಿಕೊಟ್ಟಿದ್ದಲ್ಲದೆ ಗೋಪಾಳಕ್ಕೆ ಬಂದು ತಾವೇ ಕೂರಿಸಿಕೊಟ್ಟು ಹೋದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು. ಅವಳ ಪಾಲಿಗೆ ಅವರು 'ಮೋಟ್ರು ರಿಪೇರಿಯವರು' ಆದರು.

ನನ್ನ ಪಾಲಿಗೆ ಏನಾದರು ಅನ್ನುವುದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಭಾನುವಾರ ಭದ್ರಾವತಿಗೆ ಹೋಗುವುದು ರೂಢಿಯಾಯಿತು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಮನೆಯೊಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ತೀರಿಕೊಂಡ ಹೆಂಡತಿ ತಮ್ಮನ್ನು 'ಎನ್ನಂಗ' ಅಂತ ಕರೆಯುತ್ತಿದ್ದಳು ಅಂತ ಒಮ್ಮೆ ಹೇಳಿದರು. ನಿಮ್ಮಲ್ಲಿ ರೀ, ನಮ್ಮಲ್ಲಿ ಎನ್ನಂಗ, ಎರಡರಲ್ಲೂ ಗಂಡನಿಗೆ ಹೆಸರಿಲ್ಲ ಅಂತ ನಕ್ಕರು. ಅದಾಗಿ ಕೆಲವು ವಾರಕ್ಕೆ, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ನಾನು ಬಚ್ಚಲಿನಿಂದ 'ರೀ, ಹಾಲು' ಅಂದುಬಿಟ್ಟೆ. ಅವರು ಬಂದು ಒಲೆ ಆರಿಸಿದರು.

ಅಮ್ಮನಿಗೆ 'ಫ್ರೆಂಡ್ ಮನೆಗೆ ಹೋಗ್ತೀನಿ' ಅಂತ ಹೇಳಿ ಹೋಗುತ್ತಿದ್ದೆ. ಫ್ರೆಂಡ್ ಅಂದರೆ ಗಂಡೋ ಹೆಣ್ಣೋ ಆ ಮಾತಿನಲ್ಲೇ ಗೊತ್ತಾಗುವುದಿಲ್ಲ. ಆ ಅನುಕೂಲವನ್ನು ನಾನು ನಾಲ್ಕು ವರ್ಷ ಬಳಸಿಕೊಂಡೆ.

ಅಷ್ಟರಲ್ಲಿ ಸುತ್ತಲಿನ ಮಾತುಗಳೆಲ್ಲ ಬದಲಾಗಿದ್ದವು. ಸ್ಟಾಫ್ ರೂಮಿನಲ್ಲಿ ನನ್ನ ವಯಸ್ಸಿನವರು 'ನಮ್ ಹಸ್ಬೆಂಡು' ಅನ್ನುತ್ತಿದ್ದರು, ಹೊಸದಾಗಿ ಬಂದ ಟೀಚರು ಗಂಡನನ್ನು ಎಲ್ಲರೆದುರಿಗೇ ಹೆಸರು ಹಿಡಿದು 'ಬಾರೋ' ಅಂತ ಫೋನಿನಲ್ಲಿ ಕರೆಯುತ್ತಿದ್ದಳು. ಪಕ್ಕದ ಮನೆಯ ಹುಡುಗಿ ತನ್ನ ಪಾರ್ಟ್ನರ್ ಅಂತ ಯಾರನ್ನೋ ಪರಿಚಯ ಮಾಡಿಕೊಟ್ಟಾಗ ಅಮ್ಮ, ಯಾವ ಅಡಿಕೆ ಮಂಡಿಯಲ್ಲಪ್ಪಾ ಪಾರ್ಟ್ನರು ಅಂತ ಕೇಳಿದ್ದಳು. ನಾವೆಲ್ಲ ನಕ್ಕಿದ್ದೆವು. ಆದರೆ ನನ್ನ ಕಿವಿಯಲ್ಲಿ ಇದ್ದದ್ದು ಬೇರೆ ಮಾತು. ಚಿಕ್ಕವಳಿದ್ದಾಗ ಹೊಳಲೂರಿನ ಅಜ್ಜಿ ಮನೆಗೆ ಹೋದರೆ, ಓಣಿಯ ಕೊನೆಯ ಮನೆಯ ಹೆಂಗಸಿನ ಹತ್ತಿರ ಯಾರೂ ಕುಂಕುಮ ಇಸಿದುಕೊಳ್ಳುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜಿ, 'ಅವಳು ಅವನು ಇಟ್ಕೊಂಡಿರೋಳು' ಅಂದಿದ್ದಳು. ಮದುವೆಯಿಲ್ಲದೆ ಒಬ್ಬ ಗಂಡಸಿನ ಜೊತೆಗಿರುವ ಹೆಂಗಸಿಗೆ ನಾನು ಕಲಿತ ಮೊದಲ ಮಾತು ಅದು. ಪಾರ್ಟ್ನರ್ ಅನ್ನುವುದು ಇಪ್ಪತ್ತೈದು ವರ್ಷದವರಿಗೆ ಚೆನ್ನಾಗಿ ಒಪ್ಪುತ್ತಿತ್ತು. ನನಗೆ ನಲವತ್ತೆಂಟು.

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಭದ್ರಾವತಿಯಲ್ಲಿ ಅವರ ಮನೆಯಲ್ಲಿ ನಾವಿಬ್ಬರೂ ಇಡ್ಲಿ ತಿನ್ನುತ್ತಿದ್ದೆವು. ಅವರು ತಟ್ಟೆ ಕೆಳಗಿಟ್ಟು ಎಡ ತೋಳನ್ನು ಹಿಡಿದುಕೊಂಡರು. ನೋಡನೋಡುತ್ತಲೇ ಬೆವರಿಗೆ ಅಂಗಿ ಒದ್ದೆಯಾಯಿತು. ಎದುರು ಮನೆಯವರು ಆಟೋ ತಂದರು. ಅಲ್ಲಿನ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಇಂಜೆಕ್ಷನ್ ಕೊಟ್ಟು, ತಡ ಮಾಡದೆ ಶಿವಮೊಗ್ಗಕ್ಕೆ ಒಯ್ಯಿರಿ ಅಂದರು. ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮಣಿಕಟ್ಟನ್ನು ಹಿಡಿದೇ ಇದ್ದರು. ಅಲ್ಲಿಂದಲೇ ನಾನು ದಾವಣಗೆರೆಯಲ್ಲಿದ್ದ ಅವರ ಮಗಳಿಗೆ ಫೋನ್ ಮಾಡಿದೆ. ಅವಳು ಅಳುತ್ತಲೇ, 'ಮಿಸ್, ನೀವು ಹೇಗೆ ಅಲ್ಲಿದೀರಿ?' ಅಂತ ಕೇಳಿದಳು. ಬೇಗ ಹೊರಟು ಬಾ ಅಂತಷ್ಟೇ ಹೇಳಿದೆ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಟ್ರೆಚರನ್ನು ಒಳಗೆ ತಳ್ಳುವಾಗ ನರ್ಸ್ ಒಬ್ಬಳು ಫಾರಂ ಹಿಡಿದು ಬಂದಳು. ಅವಸರದಲ್ಲಿದ್ದಳು, ಕೆಟ್ಟ ಮಾತೇನೂ ಆಡಲಿಲ್ಲ.

'ಪೇಷೆಂಟ್‌ಗೆ ನೀವು ಏನಾಗಬೇಕು?'

ಹೆಂಡತಿ ಅಂದರೆ ಸುಳ್ಳು. ಸ್ನೇಹಿತೆ ಅಂದರೆ ನರ್ಸ್ ನನ್ನ ಮುಖ ನೋಡುತ್ತಾಳೆ. ಕಿವಿಯಲ್ಲಿ ಅಜ್ಜಿಯ ಮಾತಿತ್ತು. ಹಿಂದೆ ಬೆಂಚಿನ ಮೇಲೆ ನನ್ನ ಶಾಲೆಯ ಹುಡುಗನೊಬ್ಬನ ತಾಯಿ ಕೂತಿದ್ದರು, ನನ್ನನ್ನು ನೋಡಿ ನಮಸ್ಕಾರವನ್ನೂ ಮಾಡಿದ್ದರು.

'ಗುರುತಿನವರು. ಇವರ ಮಗಳಿಗೆ ಟೀಚರ್ ಆಗಿದ್ದೆ' ಅಂದೆ.

ಹಾಗಾದರೆ ಮನೆಯವರು ಬರಲಿ, ಸಹಿ ಅವರದ್ದೇ ಬೇಕು, ನೀವು ಹೊರಗೆ ಕೂತಿರಿ ಅಂತ ಹೇಳಿ ಅವಳು ಬಾಗಿಲು ಹಾಕಿಕೊಂಡಳು. ಒಳಗೆ ಔಷಧಿ ನಡೆಯುತ್ತಲೇ ಇತ್ತು. ರಕ್ತನಾಳಕ್ಕೆ ಸ್ಟೆಂಟ್ ಹಾಕುವುದು ಮಾತ್ರ ಮಗಳು ಬಂದು ಸಹಿ ಹಾಕಿದ ಮೇಲೆ ಆಯಿತು. ಸುಮಾರು ಎರಡು ಗಂಟೆ. ಆ ಎರಡು ಗಂಟೆಯಿಂದ ಅವರ ಹೃದಯಕ್ಕೆ ಏನಾಯಿತು, ಏನಾಗಲಿಲ್ಲ ಅಂತ ಡಾಕ್ಟರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಇವತ್ತಿಗೂ ಕೇಳುವ ಧೈರ್ಯವಿಲ್ಲ.

ಮಗಳ ಜೊತೆ ಗಡ್ಡದ ಯುವಕನೊಬ್ಬ ಬಂದಿದ್ದ. 'ಇವರು ನನ್ನ ಪಾರ್ಟ್ನರ್, ಮಿಸ್' ಅಂತ ಅವಳು ಅಷ್ಟು ಗಾಬರಿಯಲ್ಲೂ ಸಲೀಸಾಗಿ ಹೇಳಿದಳು. ಆ ಮಾತನ್ನು ಅವಳು ಎಷ್ಟು ಸುಲಭವಾಗಿ ಆಡಿದಳು ಅಂತ ನನಗೆ ಹೊಟ್ಟೆಕಿಚ್ಚಾಯಿತು.

ಮೂರನೇ ದಿನ ಅವಳು ಭದ್ರಾವತಿಗೆ ಹೋಗಿ ಅಪ್ಪನ ಬಟ್ಟೆ ತಂದಳು. ಕಾರಿಡಾರಿನಲ್ಲಿ ನನ್ನ ಪಕ್ಕ ಕೂತು ಕವರಿನಿಂದ ನನ್ನ ಓದುವ ಕನ್ನಡಕವನ್ನು ತೆಗೆದುಕೊಟ್ಟಳು. ಅಪ್ಪನ ಮಂಚದ ಪಕ್ಕ ಇತ್ತು ಅಂದಳು. ನಾನು ಅದನ್ನು ಬ್ಯಾಗಿನೊಳಗೆ ಹಾಕಿಕೊಂಡೆ.

'ನಿಮ್ಮನ್ನ ಇನ್ಮೇಲೆ ಏನಂತ ಕರೀಲಿ?' ಅಂತ ಕೇಳಿದಳು.

ಮಿಸ್ ಅಂತಲೇ ಕರಿ ಅಂದೆ. ಅವಳು ತಲೆಯಾಡಿಸಿದಳು. 'ಅದು ಇನ್ನು ಬಾಯಿಗೆ ಬರಲ್ಲ ಅನ್ಸುತ್ತೆ.' ಬೈಯಲಿಲ್ಲ, ಜಗಳವಾಡಲಿಲ್ಲ. ಆಮೇಲೆ ಅವಳು ನನ್ನನ್ನು ಏನಂತಲೂ ಕರೆಯಲಿಲ್ಲ. ಹೇಳುವುದನ್ನು ನೇರವಾಗಿ ಹೇಳಿ ಮುಗಿಸುತ್ತಿದ್ದಳು. ತನಗೆ ಸಲೀಸಾದ ಪಾರ್ಟ್ನರ್ ಅನ್ನುವ ಮಾತು ಅಪ್ಪನಿಗೂ ಆಗಬಹುದು ಅಂತ ಅವಳಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ. ಅವಳ ತಾಯಿಯ ಫೋಟೋ ಆ ಮನೆಯ ನಡುಮನೆಯಲ್ಲೇ ಇದೆ. ನಾನು ಅವಳನ್ನು ದೂರಲಾರೆ.

ಆ ಸಂಜೆ ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

'ಮೋಟ್ರು ರಿಪೇರಿಯವರು ತಾನೆ? ನಂಗೆ ಗೊತ್ತಿತ್ತು ಮಾರಾಯ್ತಿ. ಫ್ರೆಂಡ್ ಮನೆಗೆ ಹೋಗಿ ಬರೋಳ ಸೀರೆಗೆ ಗ್ರೀಸ್ ಯಾಕೆ ಹತ್ತುತ್ತೆ' ಅಂದಳು.

ನಾನು ಅತ್ತೆ. ಆಸ್ಪತ್ರೆಯಲ್ಲಿ ನಾನು ಹೇಳಿದ ಮಾತನ್ನೂ ಹೇಳಿದೆ. ಅದಕ್ಕೆ ಅವಳು ಅಪ್ಪನ ಫೋಟೋದ ಕಡೆ ಕೈ ತೋರಿಸಿ, ನಾನು ಒಂದು ದಿನವಾದರೂ ಅವರ ಹೆಸರು ಹೇಳಿದೀನಾ, ಅಷ್ಟಕ್ಕೇ ಅವರು ನನಗೆ ಏನೂ ಆಗಿರಲಿಲ್ಲವಾ ಅಂದಳು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ಅಮ್ಮ ಹೆಸರು ಹೇಳದಿದ್ದಾಗ ಕೇಳುವವರಿಗೆಲ್ಲ ಅದು ಯಾರೆಂದು ಗೊತ್ತಿತ್ತು. ಅವಳ 'ಇವರು' ಅನ್ನುವುದರಲ್ಲಿ ಇಡೀ ಅಪ್ಪ ಇರುತ್ತಿದ್ದರು. ನಾನು ಮಾತನ್ನು ನುಂಗಿದ್ದಲ್ಲ, ಅದರ ಜಾಗದಲ್ಲಿ ಬೇರೆ ಮಾತು ಇಟ್ಟೆ. ಇವೆರಡೂ ಒಂದೇ ಅಲ್ಲ ಅಂತ ನನಗೆ ಗೊತ್ತು.

ಮಗಳು ಅವರನ್ನು ಎರಡು ತಿಂಗಳು ದಾವಣಗೆರೆಯಲ್ಲಿ ಇಟ್ಟುಕೊಂಡಳು. ಫೋನು ಮಾಡಿದರೆ ಊಟ, ಮಾತ್ರೆ, ನಿದ್ದೆ, ಇಷ್ಟೇ ಮಾತು. ವಾಪಸು ಬಂದ ಮೇಲಿನ ಮೊದಲ ಭಾನುವಾರ ಹೋದೆ. ವರ್ಕ್‌ಶಾಪಿನ ಬಾಗಿಲು ತೆಗೆದು ಕುರ್ಚಿ ಹಾಕಿಕೊಂಡು ಕೂತಿದ್ದರು. ಇಳಿದುಹೋಗಿದ್ದರು. ನನ್ನನ್ನು ಕಂಡು ಎದ್ದು ಇನ್ನೊಂದು ಕುರ್ಚಿ ತಂದರು. ಆ ಎದ್ದು ತಂದದ್ದೇ ನನಗೆ ನೋವಾಯಿತು. ಮೊದಲೆಲ್ಲ ನಾನೇ ಎಳೆದುಕೊಂಡು ಕೂರುತ್ತಿದ್ದೆ.

ನಾನು ಹೇಳಬೇಕೆಂದಿದ್ದನ್ನು ಅವರೇ ಶುರುಮಾಡಿದರು. 'ಸ್ಟ್ರೆಚರ್ ಮೇಲೆ ಕಣ್ಣು ಮುಚ್ಚಿದ್ದೆ. ಕಿವಿ ಕೇಳ್ತಿತ್ತು.'

'ಹೆದರಿಬಿಟ್ಟೆ' ಅಂದೆ.

'ಗೊತ್ತು. ನೀನು ಹೇಳಿದ್ದು ಸುಳ್ಳೇನಲ್ಲ. ಆದ್ರೆ ಆಗ ನಾನು ಸಾಯ್ತೀನಿ ಅಂದ್ಕೊಂಡಿದ್ದೆ. ಸಾಯೋನಿಗೆ ಕೊನೇಗೆ ಕೇಳಿದ್ದು ಅದು.'

ಇದನ್ನು ಅವರು ಕೋಪದಿಂದ ಹೇಳಿದ್ದರೆ ನಾನು ಏನಾದರೂ ಅನ್ನಬಹುದಿತ್ತು. ಶಾಫ್ಟಿನ ಅಳತೆ ಹೇಳುವ ಹಾಗೆ ಹೇಳಿದರು.

ಆಮೇಲಿನ ವಾರಗಳಲ್ಲಿ ನಾನು ಧೈರ್ಯ ಮಾಡಿದೆ. ಶಾಲೆಯಲ್ಲಿ ಇಬ್ಬರಿಗೆ ಹೇಳಿದೆ. ಒಬ್ಬರು ಒಳ್ಳೆಯದಾಯಿತು ಅಂದರು, ಇನ್ನೊಬ್ಬರು ಅವತ್ತಿನಿಂದ ನನ್ನ ಜೊತೆ ಊಟದ ಡಬ್ಬಿ ಬಿಚ್ಚುವುದಿಲ್ಲ. ಕೊನೆಗೆ ಅವರ ಹತ್ತಿರ, ರಿಜಿಸ್ಟರ್ ಮದುವೆ ಆಗೋಣ ಅಂತ ನಾನೇ ಕೇಳಿದೆ. ಅವರು ತುಂಬ ಹೊತ್ತು ಕೈಯೊರೆಸುವ ಬಟ್ಟೆಯನ್ನು ಮಡಿಸುತ್ತ ಕೂತರು.

'ಫಾರಂ ತುಂಬೋಕೆ ಅನುಕೂಲ ಆಗ್ಲಿ ಅಂತ ಮದುವೆ ಬೇಡ. ಬೇರೆ ಕಾರಣ ಇದ್ರೆ ಹೇಳು' ಅಂದರು.

ಬೇರೆ ಕಾರಣ ಇದೆ ಅಂದೆ. ಇದೆ ಕೂಡ. ಆದರೆ ಆ ಗಳಿಗೆಯಲ್ಲಿ ಅದನ್ನು ಹೇಳಲು ಹೊರಟರೆ ನನ್ನ ಬಾಯಲ್ಲಿ ಬಂದದ್ದೆಲ್ಲ ಕ್ಷಮೆ ಕೇಳಿದ ಹಾಗೇ ಇತ್ತು. ಅವರು, ಯೋಚನೆ ಮಾಡ್ತೀನಿ, ನೀನೂ ಮಾಡು ಅಂದರು.

ಇದಾಗಿ ಮೂರು ತಿಂಗಳು. ನಾನು ಹೋಗುವುದನ್ನು ಬಿಟ್ಟಿಲ್ಲ, ಅವರು ಬರಬೇಡ ಅಂದಿಲ್ಲ. ಅಮ್ಮ ಈಗ ಸ್ಟೀಲಿನ ಡಬ್ಬಿಯಲ್ಲಿ ಎಣ್ಣೆ ಕಮ್ಮಿ ಹಾಕಿದ ಪಲ್ಯ ಕಟ್ಟಿ ಕೊಡುತ್ತಾಳೆ. ಯಾರಿಗೆ ಅಂತ ನಾನು ಹೇಳುವುದಿಲ್ಲ, ಅವಳು ಕೇಳುವುದಿಲ್ಲ. ಹೋದ ಭಾನುವಾರ ಡಾಕ್ಟರು ಹೇಳಿದ ಹಾಗೆ ಉಪ್ಪಿಲ್ಲದ ಸಾರು ಮಾಡಿದ್ದೆ. ಅವರು ಒಂದು ತುತ್ತು ತಿಂದು ನನ್ನ ತಟ್ಟೆಯ ಕಡೆ ನೋಡಿದರು, ನನ್ನದಕ್ಕೂ ಉಪ್ಪು ಹಾಕಿಕೊಂಡಿರಲಿಲ್ಲ. ನಿನಗ್ಯಾಕೆ ಈ ಶಿಕ್ಷೆ ಅಂತ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ನಾನು ಹಾಕಿಕೊಳ್ಳಲಿಲ್ಲ. ಇಬ್ಬರೂ ಹಾಗೇ ಊಟ ಮುಗಿಸಿದೆವು.