ಚಾರ್ಟಿನಲ್ಲಿ ತಪ್ಪಿದ ಸಾಲು

ಹಳೆಯ ಕಾರುಗಳ ಟೈರಂಗಡಿಯ ಕೌಂಟರಿನಲ್ಲಿ ಕೂರುವ ಆಕೆಯನ್ನು ಗಿರಾಕಿಗಳೆಲ್ಲ ಚಾರ್ಟಕ್ಕ ಎನ್ನುತ್ತಿದ್ದರು. ಅಮೆರಿಕದ ಯಾವ ಹಳೇ ಕಾರಿನ ಹೆಸರು, ಇಸವಿ ಹೇಳಿದರೂ ಸಾಕು. ಅದು ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಯಾವ ಅಳತೆಯ ಟೈರು ಹಾಕಿಕೊಂಡಿತ್ತು, ರಿಮ್ಮಿನ ಅಗಲ ಎಷ್ಟು, ಗಾಲಿಗೆ ಐದು ಬೋಲ್ಟೋ ಆರೋ, ಟೈರಿನ ಬಿಳಿ ಪಟ್ಟಿ ಎಷ್ಟು ದಪ್ಪ, ಎಲ್ಲವನ್ನೂ ಉದ್ದನೆಯ ರಿಜಿಸ್ಟರಿನ ಚಾರ್ಟಿನಲ್ಲಿ ಬೆರಳಾಡಿಸಿ ಹೇಳಿಬಿಡುತ್ತಿದ್ದಳು. ಆಕೆಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬಂದಿದ್ದರೂ ಪಕ್ಕದ ಸೀಟಿಗೆ ಯಾರಿದ್ದರು?

ರಿಜಿಸ್ಟರು ಅಪ್ಪನ ಕೈಬರಹದ್ದು. ಅಪ್ಪ ತೀರಿಕೊಂಡ ಮೇಲೆ ಅದರ ಹಾಳೆಗಳು ಒಂದೊಂದೇ ಬಿಚ್ಚಿಕೊಂಡವು. ಭಾನುವಾರ ಮನೆಯ ಗೋಡೆ ನೋಡುತ್ತ ಕೂರಲಾರದೆ, ಆಕೆ ಹೋದ ವರ್ಷ ಅಂಗಡಿಗೇ ಬಂದು ಅದನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸಿದ್ದಳು. ಮೇಲಿನ ಸಾಲಿನ ಅಳತೆಯೇ ಕೆಳಗೂ ಬಂದರೆ ಅಪ್ಪ ಮತ್ತೆ ಬರೆಯದೆ ಎರಡು ಪುಟ್ಟ ಗೀಟು ಎಳೆಯುತ್ತಿದ್ದರು. ಆಕೆಯೂ ಹಾಗೇ ಗೀಟು ಎಳೆಯುತ್ತ ಹೋಗಿದ್ದಳು.

ಆ ಶುಕ್ರವಾರ ಕನ್ನಡಕದಂಗಡಿಯವರು ತಮ್ಮ ಹಸಿರು ಸ್ಟೇಷನ್ ವ್ಯಾಗನ್ ತಂದರು. ಹಿಂದೆ ಮೂರನೇ ಸಾಲು ಸೀಟಿದ್ದ, ಬೀದಿಯಷ್ಟು ಉದ್ದದ ಗಾಡಿ. ಆಕೆ ಹೊಸ ಪುಸ್ತಕ ನೋಡಿ ‘ಏಳೂವರೆ–ಹದಿನಾಲ್ಕು’ ಎಂದಳು, ಅಂದರೆ ಏಳೂವರೆ ಇಂಚು ಅಗಲದ ಟೈರು, ಹದಿನಾಲ್ಕಿಂಚಿನ ರಿಮ್ಮು. ನಾಲ್ಕೂ ಟೈರು ಸಲೀಸಾಗಿ ಕೂತವು.

“ಭಾನುವಾರ ಇಡೀ ಬಳಗ ಕರ್ಕೊಂಡು ಹೊರಟಿದ್ದೀನಿ ಚಾರ್ಟಕ್ಕ. ಎಂಟು ಜನ! ಅದೂ ನಮ್ಮತ್ತೆನ ಒಬ್ರು ಅಂತ ಲೆಕ್ಕ ಹಾಕಿದ್ರೆ.”

ನಗು ಬಂತು. ಆದರೆ ಎಂಟು ಜನ ಎಂಬ ಮಾತು ಎರಡು ದಿನ ತಲೆ ಕೊರೆಯಿತು. ಅಷ್ಟು ಭಾರಕ್ಕೆ ಆ ಅಳತೆ ಸಾಕೇ ಎಂದು ಭಾನುವಾರ ಬೆಳಗ್ಗೆ ಅನುಮಾನ ಎದ್ದು, ಆಕೆ ಅಂಗಡಿ ತೆರೆದು ಅಪ್ಪನ ಹಳೇ ರಿಜಿಸ್ಟರು ಬಿಡಿಸಿದಳು. ಅದೇ ಕಾರು, ಅದೇ ಇಸವಿ. ಮಾಮೂಲಿ ಕಾರಿಗೆ ಏಳೂವರೆ–ಹದಿನಾಲ್ಕು. ಅದರ ಕೆಳಗೆ, ವ್ಯಾಗನ್ನಿನ ಮುಂದೆ, ಗೀಟಿರಲಿಲ್ಲ. ‘ಎಂಟು–ಹದಿನಾಲ್ಕು’ ಎಂದು ಅಪ್ಪ ಒತ್ತಿ ಬರೆದಿದ್ದರು. ಆಕೆಯ ಗೀಟು ಒಂದು ಸಾಲು ಹೆಚ್ಚು ಕೆಳಗಿಳಿದಿತ್ತು. ರಿಮ್ಮು ಎರಡಕ್ಕೂ ಒಂದೇ ಆದ್ದರಿಂದ ಟೈರು ಹಾಕಿದವನಿಗೂ ಅನುಮಾನ ಬಂದಿರಲಿಲ್ಲ. ಸಣ್ಣ ಟೈರಿನ ಮೇಲೆ ಅಷ್ಟು ಭಾರ. ಬಿಸಿಯೇರಿ ಹೆದ್ದಾರಿಯಲ್ಲಿ ಒಡೆದರೆ?

ಅವರ ಫೋನ್ ನಂಬರು ಬರೆದುಕೊಂಡಿರಲಿಲ್ಲ. ಕನ್ನಡಕದಂಗಡಿಗೆ ಬೀಗ. ಅಲ್ಲಿನ ಕಾವಲುಗಾರ ಮನೆಯ ಗುರುತು ಹೇಳಿದ. ಬಸ್ಸು ಹಿಡಿದು ಹೋದರೆ ಗೇಟಿನೊಳಗೆ ಗಾಡಿ ಇರಲಿಲ್ಲ.

“ಏಳಕ್ಕೇ ಹೊರಟ್ರಲ್ಲ! ಏನಾಗ್ಬೇಕಿತ್ತು?” ಎಂದಳು ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯವಳು.

“ಟೈರಿನ ವಿಷಯ.”

“ಟೈರಾ? ಭಾನುವಾರ ಬೇರೆ ಕೆಲಸ ಇಲ್ವೇನ್ರಿ?”

ಇರಲಿಲ್ಲ. ಎದುರಿನ ಫುಟ್‌ಪಾತಿನ ಅಂಚಿನಲ್ಲಿ ಕೂತಳು. ದೂರದಲ್ಲಿ ಆಂಬುಲೆನ್ಸ್ ಕೂಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಮೂರನೇ ಸೀಟಿನಲ್ಲಿ ಮಕ್ಕಳನ್ನೇ ಕೂರಿಸಿರುತ್ತಾರೆ, ಸರಿಯಾಗಿ ಹಿಂದಿನ ಗಾಲಿಯ ಮೇಲೆ. ಬೀದಿಯ ಮನೆಗಳಲ್ಲಿ ಊಟದ ತಟ್ಟೆಗಳ ಸದ್ದು ಎದ್ದು ಅಡಗಿತು. ಆಕೆಯನ್ನು ಯಾರೂ ಮಾತಾಡಿಸಲಿಲ್ಲ.

ನಾಲ್ಕರ ಹೊತ್ತಿಗೆ ಹಸಿರು ಗಾಡಿ ತಿರುವಿನಲ್ಲಿ ಕಾಣಿಸಿತು. ಒಳಗೆ ಮಕ್ಕಳ ಜಗಳ, ಹಾಡು, ನಗು. ಆಕೆ ಓಡಿಹೋಗಿ ಹಿಂದಿನ ಟೈರಿಗೆ ಅಂಗೈ ಇಟ್ಟವಳೇ ಚುರ್ರೆನ್ನಲು ಕೈ ಎಳೆದುಕೊಂಡಳು.

“ಅರೆ, ಚಾರ್ಟಕ್ಕ! ದಾರಿ ತಪ್ಪಿ ಬಂದ್ರಾ?”

“ಎಲ್ರೂ ಇಳೀರಿ.”

“ಇಳಿಯೋಕೆ ಟೈಮೆಲ್ಲಿದೆ? ಒಳಗಿಂದ ಸಾಮಾನು ಹಾಕ್ಕೊಂಡು ತಂಗಿ ಮನೆಯವರನ್ನ ಸ್ಟೇಷನ್‌ಗೆ ಬಿಡ್ಬೇಕು.”

“ಈ ಗಾಡೀಲಿ ಬೇಡ. ನಾನು ಕೊಟ್ಟಿದ್ದು ತಪ್ಪು ಅಳತೆ. ನೋಡಿ ಬರೆದಿದ್ದೂ ನಾನೇ, ಓದಿದ್ದೂ ನಾನೇ.”

ಅವರ ಅತ್ತೆ ಕಿಟಕಿಯಿಂದ ತಲೆ ಹಾಕಿದರು. “ಅಷ್ಟು ದೂರ ಹೋಗಿಬಂದ್ವಲ್ಲಮ್ಮ, ಏನಾಯ್ತೀಗ?”

“ಏನೂ ಆಗ್ಲಿಲ್ಲ, ನಮ್ಮ ಪುಣ್ಯ. ಮುಟ್ಟಿ ನೋಡಿ ಸರ್.”

ಕನ್ನಡಕದವರು ಇಳಿದು ಮುಟ್ಟಿದರು. ಮುಖ ಬಿಳಿಚಿತು. “ಇಳೀರಿ ಎಲ್ಲ,” ಎಂದರು ಮೆಲ್ಲಗೆ. ಮಕ್ಕಳು ಗೊಣಗುತ್ತ ಇಳಿದವು. ಎರಡು ಟ್ಯಾಕ್ಸಿಗೆ ಫೋನಾಯಿತು.

“ನಾಳೆ ಖಾಲಿ ಗಾಡಿ ನಿಧಾನಕ್ಕೆ ತನ್ನಿ, ನಾಲ್ಕೂ ಬದಲಾಯಿಸ್ತೀನಿ,” ಎಂದಳು.

“ನಿಮ್ಮ ಚಾರ್ಟ್ ನಂಬಿ ಮಕ್ಕಳನ್ನ ಕೂರಿಸಿದ್ದೆ,” ಎಂದರು ಅವರು. ಬೈದಿದ್ದರೆ ಚೆನ್ನಾಗಿತ್ತು.

“ಬೆಳಗ್ಗಿಂದ ಇಲ್ಲೇ ಇದ್ಯಾ? ಮನೇಲಿ ಹುಡುಕೋದಿಲ್ವೇನೇ?” ಪಕ್ಕದ ಮನೆಯವಳಿಂದ ವಿಷಯ ತಿಳಿದ ಅತ್ತೆ ಕೇಳಿದರು.

“ಇಲ್ಲಮ್ಮ.”

ಸಾಮಾನು, ಟಿಕೆಟ್ಟುಗಳ ಗಡಿಬಿಡಿಯಲ್ಲಿ ಅವರೆಲ್ಲ ಆಕೆಯನ್ನು ಮರೆತರು. ಆಕೆ ಬಸ್ಸು ಹಿಡಿದು ಅಂಗಡಿಗೇ ಮರಳಿದಳು. ಒಂದು ಸಾಲು ತಪ್ಪಿದ್ದರೆ ಇನ್ನೆಷ್ಟು ತಪ್ಪಿವೆಯೋ, ಯಾವ ರಸ್ತೆಯಲ್ಲಿ ಯಾರ ಮಕ್ಕಳಿದ್ದಾರೋ. ಹಳೇ ರಿಜಿಸ್ಟರು, ಹೊಸ ಪುಸ್ತಕ ಎರಡನ್ನೂ ಬಿಡಿಸಿಟ್ಟಳು. ತಾಳೆ ನೋಡುವುದು ಇಬ್ಬರ ಕೆಲಸ. ಒಬ್ಬರು ಹಳೆಯದನ್ನು ಓದಬೇಕು, ಇನ್ನೊಬ್ಬರು ಹೊಸದರಲ್ಲಿ ಬೆರಳಿಟ್ಟು ‘ಸರಿ’ ಎನ್ನಬೇಕು.

ಆಕೆ ಮೊದಲ ಸಾಲನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಹೊಸದರಲ್ಲಿ ಬೆರಳಿಟ್ಟು, ತಾನೇ “ಸರಿ” ಎಂದು ಎರಡನೆಯದಕ್ಕೆ ಇಳಿದಳು.