ಪದ್ಮಿನಿಯ ಕೈಗುಣ

ಮೊನ್ನೆ ಆಯುಧಪೂಜೆಯ ದಿನ ನನ್ನ ಹೆಂಡತಿ ಮಿಕ್ಸಿಗೆ ಕುಂಕುಮ ಇಟ್ಟ ಬೆರಳನ್ನು ಹಾಗೇ ತಂದು ನನ್ನ ಲ್ಯಾಪ್‌ಟಾಪಿನ ಮುಚ್ಚಳಕ್ಕೂ ಒತ್ತಿದಳು. “ಇವತ್ತು ಇದನ್ನ ಮುಟ್ಟಬೇಡಿ, ಅದಕ್ಕೂ ರಜ ಇರಲಿ” ಎಂದಳು. ಕಂಪ್ಯೂಟರಿನ ಮೇಲೆ ಕುಂಕುಮ ಕಂಡರೆ ನನಗೆ ಇಂದಿಗೂ ಹೊಟ್ಟೆಯೊಳಗೆ ಚುರುಕ್ಕೆನ್ನುತ್ತದೆ. ಭಕ್ತಿಯಲ್ಲ, ಹೊಟ್ಟೆಕಿಚ್ಚು. ಯಾರ ಮೇಲೆ ಎಂದು ಕೇಳುತ್ತೀರಿ. ಹೇಳುತ್ತೇನೆ, ನಗಬೇಡಿ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ಟಿ. ನಗರದ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾಲೀಕರು ಉಡುಪಿ ಕಡೆಯ ಭಟ್ಟರು. ಹೋಟೆಲುಗಳ ಅಡುಗೆಮನೆಗೆ ಬಾಯ್ಲರು, ರುಬ್ಬುವ ಯಂತ್ರ ಸರಬರಾಜು ಮಾಡುತ್ತಿದ್ದರು. ಸಂಜೆಯ ಕಂಪ್ಯೂಟರ್ ತರಗತಿಗೆ ಹೋದ ತಪ್ಪಿಗೆ ಕಚೇರಿಯ ಮೇಲ್ ಸರ್ವರ್ ನನ್ನ ಪಾಲಿಗೆ ಬಿತ್ತು. ತಪ್ಪಿಗೆ ಎಂದೆನೆ? ಪುಣ್ಯಕ್ಕೆ ಎನ್ನಬೇಕು. ಯಾರೋ ಬಳಸಿ ಬಿಟ್ಟ ಆ ಹಳೇ ಯಂತ್ರವನ್ನು ಗಾಜಿನ ಗೋಡೆಯ ಪುಟ್ಟ ಕೋಣೆಯಲ್ಲಿ ಇಟ್ಟಿದ್ದರು, ಮತ್ತು ಇಡೀ ಕಚೇರಿಯಲ್ಲಿ ಏಸಿ ಇದ್ದದ್ದು ಆ ಕೋಣೆಗೆ ಮಾತ್ರ. ಮದ್ರಾಸಿನ ಬೇಸಗೆಯಲ್ಲಿ ಹೊರಗಿನವರು ಕರ್ಚೀಫು ಹಿಂಡುತ್ತಿದ್ದರೆ ನಾನು ಒಳಗೆ ತುಂಬುತೋಳಿನ ಅಂಗಿ ತೊಟ್ಟು ಕೂತಿರುತ್ತಿದ್ದೆ. ಅಂಥ ಸುಖವನ್ನು ನಾನು ಆಮೇಲೆ ಕಂಡಿಲ್ಲ.

ಆಗ ಬಂದಳು ಪದ್ಮಿನಿ. ಮೈಲಾಪೂರಿನ ಅಯ್ಯಂಗಾರರ ಹುಡುಗಿ, ನಮ್ಮ ಹಾಗೆಯೇ ತಲೆಮಾರುಗಳಿಂದ ಇಲ್ಲೇ ಬೇರುಬಿಟ್ಟ ಕನ್ನಡದ ಮನೆ. ಅವಳೂ ಕಂಪ್ಯೂಟರ್ ಕಲಿತಿದ್ದಳು, ನನಗಿಂತ ಜಾಸ್ತಿ. ಭಟ್ಟರು ನನ್ನನ್ನು ಮಾರಾಯ ಎನ್ನುತ್ತಿದ್ದರು, ಅವಳನ್ನು ಮಗಳೇ. ಅವಳು ತಂದ ಪುಳಿಯೋಗರೆಗೆ ಊಟದ ಹೊತ್ತಿನಲ್ಲಿ ಎಲ್ಲರೂ ಕೈಚಾಚುವರು. ನಾನೂ ತಿಂದೆ, ಚೆನ್ನಾಗಿತ್ತು, ಅದಕ್ಕೂ ಸಂಕಟಪಟ್ಟೆ. ಅವಳು ಫೈಲು ಕೊಡಲು ಕೋಣೆಗೆ ಬಂದು “ಅಬ್ಬಾ, ಎಷ್ಟು ಜಿಲ್ಲುನ್ನು ತಣ್ಣಗಿದೆ ಸಾರ್!” ಎಂದರೆ, ನನ್ನ ಕುರ್ಚಿಗೇ ಕಣ್ಣು ಹಾಕಿದಳೆಂದು ಬೇಗ ಫೈಲು ಇಸಿದುಕೊಂಡು ಬಾಗಿಲು ತೋರಿಸುತ್ತಿದ್ದೆ.

ಸರ್ವರ್ ಬಂದ ಮೇಲಿನ ಮೊದಲ ಆಯುಧಪೂಜೆ. ವರ್ಷವಿಡೀ ದುಡಿದ ಯಂತ್ರಕ್ಕೆ ಒಂದು ದಿನ ವಿಶ್ರಾಂತಿ ಬೇಡವೇ ಎಂದು ಭಟ್ಟರು ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು. ಸರ್ವರಿಗೆ ಗಂಧ, ಕುಂಕುಮ, ಮೇಲೊಂದು ಚೆಂಡುಹೂವು. ನಾವು ಪುರಿ, ಕಡಲೆ ತಿಂದು ಮನೆಗೆ ಹೋದೆವು.

ದಸರೆ ಮುಗಿಸಿ ಬಂದು ನೋಡಿದರೆ ಮೇಲ್ ತೆರೆಯದು. ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುತ್ತಿತ್ತು, ಬಂದ ಪತ್ರಗಳ ಸಾಲನ್ನೂ ತೋರಿಸುತ್ತಿತ್ತು. ಯಾವುದನ್ನಾದರೂ ಓದಲು ಒತ್ತಿದಿರೋ, ‘ನೀವು ಒಳಗೆ ಬಂದಿಲ್ಲ’ ಎಂದು ಕತ್ತು ಹಿಡಿದು ಹೊರಗೆ ತಳ್ಳುತ್ತಿತ್ತು.

“ಎಂತ ಮಾರಾಯ ಇದು! ಕಾಗದ ಬಂದಿದೆ ಅಂತ ತೋರಿಸ್ತದೆ, ಒಡೆದು ಓದ್ಲಿಕ್ಕೆ ಬಿಡುದಿಲ್ಲ” ಎಂದು ಭಟ್ಟರು ಕೂಗಾಡಿದರು. ಹೋಟೆಲಿನವರ ಆರ್ಡರುಗಳೆಲ್ಲ ಅದರೊಳಗೆ. ಕೊನೆಗೆ ಎಲ್ಲರೆದುರು ಹೇಳಿಬಿಟ್ಟರು: “ಇದನ್ನು ಯಾರು ತೆರೀತಾರೋ, ಇನ್ನು ಆ ಕೋಣೆಯಲ್ಲಿ ಅವರೇ ಕೂತ್ಕೊಳ್ಳಲಿ.”

ನಾನು ಊಟ ಬಿಟ್ಟೆ. ಬ್ರೌಸರ್ ಬದಲಾಯಿಸಿದೆ, ಪಾಸ್‌ವರ್ಡ್ ಬದಲಾಯಿಸಿದೆ, ಯಂತ್ರವನ್ನು ಆರಿಸಿ ಹಚ್ಚಿ ಆರಿಸಿ ಹಚ್ಚಿ ಸುಸ್ತಾದೆ. ಗಾಜಿನಾಚೆ ಪದ್ಮಿನಿ ಕತ್ತು ಚಾಚಿದಾಗಲೆಲ್ಲ ಪರದೆಗೆ ಬೆನ್ನು ಅಡ್ಡ ಕೊಟ್ಟೆ. ಕೊನೆಗೆ ನನಗೆ ನಾನೇ ಒಂದು ಪತ್ರ ಕಳಿಸಿಕೊಂಡೆ. ಅದು ಸಾಲಿನ ಮೇಲೆ ಬಾರದೆ ತೀರಾ ತಳಕ್ಕೆ ಹೋಗಿ ಕೂತಿತ್ತು. ತಾರೀಖು ನೋಡಿದರೆ, ಆ ಕಚೇರಿಯೇ ಹುಟ್ಟುವ ಮೊದಲಿನದು! ಯಂತ್ರದ ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಭಟ್ಟರು ವಿಶ್ರಾಂತಿ ಕೊಟ್ಟೊಡನೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಜಾರಿತ್ತು. ಒಳಗೆ ಬಂದವರಿಗೆ ಸರ್ವರ್ ಒಂದು ಗಂಟೆಯ ಪರವಾನಗಿ ಕೊಡುತ್ತದೆ. ನಮ್ಮ ಸರ್ವರ್ ಕೊಡುತ್ತಿದ್ದದ್ದು ಎಂದೋ ಮುಗಿದುಹೋದ ಗಂಟೆಯನ್ನು, ಬ್ರೌಸರ್ ಅದನ್ನು ಕೈಗೆ ಬಂದೊಡನೆ ಎಸೆಯುತ್ತಿತ್ತು, ಪರವಾನಗಿ ಇಲ್ಲವೆಂದು ಸರ್ವರ್ ನಮ್ಮನ್ನು ಹೊರಗೆ ತಳ್ಳುತ್ತಿತ್ತು. ಗಡಿಯಾರ ಸರಿಮಾಡಿ, ಕುಣಿಯುವುದೊಂದು ಬಾಕಿ ಎಂಬಂತೆ ಹೋಗಿ ಭಟ್ಟರನ್ನು ಕರೆತಂದೆ, ಹಿಂದೆಯೇ ಪದ್ಮಿನಿಯೂ ಬಂದು ನಿಂತಳು.

ಭಟ್ಟರ ಒಂದು ಪದ್ಧತಿ ಇಲ್ಲಿ ಹೇಳಬೇಕು. ಹೋಟೆಲಿನಲ್ಲಿ ಹೊಸ ಬಾಯ್ಲರು ಕೂರಿಸಿದರೆ, ಕೂರಿಸಿದವನು ಅದಕ್ಕೆ ಬೆಂಕಿ ಹಚ್ಚುವಂತಿಲ್ಲ. ಕೈಗುಣ ಒಳ್ಳೆಯದಿದ್ದವರನ್ನು ಹುಡುಕಿ ಹಚ್ಚಿಸುತ್ತಿದ್ದರು. ನಾನು ಮೌಸಿಗೆ ಕೈ ಹಾಕಿದ್ದೇ ತಡ, “ನೀನು ಬೇಡ ಮಾರಾಯ, ನೀನು ಮುಟ್ಟಿದ್ದೆಲ್ಲ ಕೆಡ್ತಾ ಇದೆ. ಮಗಳೇ, ನೀನೊಮ್ಮೆ ಒತ್ತು” ಎಂದರು.

ಪದ್ಮಿನಿ ಒತ್ತಿದಳು. ಪತ್ರ ತೆರೆಯಿತು.

“ನೋಡಿದ್ಯಾ ಕೈಗುಣ!”

ನಾನು ಗಡಿಯಾರ, ಬ್ಯಾಟರಿ ಎಂದು ತೊದಲಿದೆ. ಯಾರಿಗೆ ಬೇಕು? ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು. ಮರುದಿನ ನನ್ನ ಕುರ್ಚಿ ಫ್ಯಾನಿನ ಕೆಳಗೆ ಬಂತು, ಅವಳದು ಗಾಜಿನೊಳಗೆ ಹೋಯಿತು. ಆ ಕಚೇರಿಯಲ್ಲಿದ್ದಷ್ಟು ಕಾಲ ನಾನು ಅವಳ ಪುಳಿಯೋಗರೆ ಮುಟ್ಟಲಿಲ್ಲ. ನಿಜವಾಗಿ ಹೊಟ್ಟೆ ಉರಿದದ್ದು ನನಗೆ, ದಂಡ ತೆತ್ತದ್ದೂ ನನ್ನ ನಾಲಗೆಯೇ.

ಈ ಸಲದ ದಸರೆ ಗೊಂಬೆ ನೋಡಲು ನನ್ನ ಹೆಂಡತಿ ಬೀದಿಯವರನ್ನೆಲ್ಲ ಕರೆದಿದ್ದಳು. ಮೊನ್ನೆ ಸಂಜೆ ಬಂದವರಲ್ಲಿ ಪದ್ಮಿನಿಯೂ ಇದ್ದಳು. ಕೂದಲು ನರೆತಿದೆ, ಈಚೆಗೆ ನಮ್ಮ ಪಕ್ಕದ ರಸ್ತೆಗೇ ಮನೆ ಬದಲಾಯಿಸಿದ್ದಾಳಂತೆ. ನನ್ನ ಮಗಳು ತಾಂಬೂಲ ಕೊಟ್ಟಾಗ ಪದ್ಮಿನಿ ಅವಳ ಕೈ ಹಿಡಿದು ಹೇಳಿದಳು: “ನಿಮ್ಮಪ್ಪ ಎಷ್ಟು ಬುದ್ಧಿವಂತರು ಗೊತ್ತಾ ಕಣ್ಣಾ? ಆಫೀಸಲ್ಲಿ ಯಾರಿಗೂ ಪುರಿಯದ, ತಲೆಗೆ ಹತ್ತದ ಮೇಲ್ ಸರಿಮಾಡಿದ್ದು ಇವರು. ನಾನು ಒಣ್ಣುಮೇ, ಏನೂ ಮಾಡ್ಲಿಲ್ಲ, ಸುಮ್ನೆ ಒತ್ತಿದೆ ಅಷ್ಟೇ. ಆ ರೂಮು ಸಾರ್‌ಗೇ ಕೊಡಿ ಅಂತ ಭಟ್ಟರ ಹತ್ರ ಎಷ್ಟು ಸಲ ಕೇಳ್ದೆ! ಅವ್ರು ನಕ್ಕುಬಿಟ್ರು.”

“ನಿಜಮಾವಾಪ್ಪಾ?” ಎಂದು ಮಗಳು ನನ್ನತ್ತ ತಿರುಗಿದಳು.

ನಾನು ಹೌದೆಂದು ತಲೆಯಾಡಿಸಿದೆ. ನಾನೇ ಅವಳ ಜಾಗದಲ್ಲಿದ್ದಿದ್ದರೆ ಭಟ್ಟರ ಮುಂದೆ ಹಾಗೆ ಕೇಳುತ್ತಿದ್ದೆನೆ? ಇಲ್ಲ ಸ್ವಾಮಿ, ಬಾಗಿಲು ಹಾಕಿಕೊಂಡು ಏಸಿ ಇನ್ನಷ್ಟು ಏರಿಸುತ್ತಿದ್ದೆ. ಕೋಣೆಯ ಮೇಲಿನ ಕಿಚ್ಚು ಅವತ್ತಿಗೆ ಆರಿತು. ಈಗ ಅವಳ ಆ ದೊಡ್ಡ ಮನಸ್ಸಿನ ಮೇಲೆ ಹೊಸದೊಂದು ಹೊಟ್ಟೆಕಿಚ್ಚು ಶುರುವಾಗಿದೆ, ಇದಕ್ಕೆ ಭಟ್ಟರನ್ನು ಬೈಯುವಂತೆಯೂ ಇಲ್ಲ.